ಮಾವನ ಕೈಯ ಮೀನುಗಳು

ನಮ್ಮ ಸೋದರಮಾವನ ಎರಡು ಕೈ ನೋಡಿದರೆ ಮೀನು ಮಾರ್ಕೆಟಿಗೆ ಹೋಗುವ ಅಗತ್ಯವೇ ಇಲ್ಲ! ಬಂಗುಡೆ, ಬೂತಾಯಿ, ಅಂಜಲ್, ಎಲ್ಲ ಹಚ್ಚೆಯಲ್ಲೇ ಉಂಟು. ಉಚ್ಚಿಲದಲ್ಲಿ ಬೋಟು ಓಡಿಸಿಕೊಂಡಿದ್ದ ಮನುಷ್ಯನಿಗೆ ಅರುವತ್ತು ದಾಟಿದ ಮೇಲೆ ಈ ಹುಚ್ಚು ಯಾಕೆ ಹಿಡಿಯಿತು?

ಅತ್ತೆಗೆ ಕ್ಯಾನ್ಸರ್ ಆಗಿತ್ತು. ಮಣಿಪಾಲದಲ್ಲಿ ಕೀಮೋ ಶುರುವಾದಾಗ ಡಾಕ್ಟರು, "ಇವರಿಗೆ ರೋಗ ತಡೆಯುವ ಶಕ್ತಿ ಕಡಿಮೆ. ಶೀತ, ಜ್ವರ ಇದ್ದವರು ಹತ್ತಿರ ಹೋಗಬಾರದು" ಎಂದರು. ಮಾವನಿಗೋ, ಫ್ಯಾನು ಜೋರಾಗಿ ತಿರುಗಿದರೂ ಶೀತ! ಒಂದು ಸೀನು ಬಂದರೆ ವಾರವಿಡೀ ಜಗಲಿಯಲ್ಲೇ ವಾಸ.

ಆಸ್ಪತ್ರೆ ಎದುರಿನ ಹೋಟೆಲಲ್ಲಿ ಚಾ ಕುಡಿಯುವಾಗ ಪಕ್ಕದ ಮೇಜಿನ ಮಾತು ಇವರ ಕಿವಿಗೆ ಬಿತ್ತು: ಹಚ್ಚೆ ಹಾಕಿಸಿದರೆ ಶರೀರ ಮೊದಲು ಗಾಬರಿಯಾಗುತ್ತದೆ, ಮತ್ತೆ ಮತ್ತೆ ಹಾಕಿಸಿದರೆ ಒಗ್ಗಿ ಗಟ್ಟಿಯಾಗುತ್ತದಂತೆ. ಸಾಕಲ್ಲ! ಚಾ ಅರ್ಧಕ್ಕೇ ಬಿಟ್ಟು ಹಚ್ಚೆ ಅಂಗಡಿ ಹುಡುಕಿಕೊಂಡು ಹೋದರು.

ಮೊದಲು ಬಂಗುಡೆ. ಸಂಜೆಗೇ ಮೈ ಬಿಸಿ.

"ಜ್ವರ ಬಂತಲ್ಲ ಮಾವ!"

"ಬರಬೇಕು ಮಾರಾಯ! ಒಳಗಿನ ಸೈನ್ಯ ಕವಾಯತು ಮಾಡ್ತಾ ಉಂಟು."

ಬೂತಾಯಿ ಹಾಕಿಸಿದಾಗ ಜ್ವರವೇ ಬರಲಿಲ್ಲ. ಪರೀಕ್ಷೆ ಮಾಡಲೆಂದು ಕೊಡೆಯಿಲ್ಲದೆ ಕಟಪಾಡಿ ಪೇಟೆಯಿಡೀ ಮಳೆಯಲ್ಲಿ ತಿರುಗಿದರು. ಮರುದಿನ ಸೀನು! "ಇದು ಹಳೆಯ ಶೀತದ್ದು, ಹೊಸತಲ್ಲ" ಎಂದು ಜಗಲಿಗೆ ಹೋಗಿ ಚಾಪೆ ಬಿಡಿಸಿದರು. ಅತ್ತೆ ಕಿಟಕಿಯಿಂದ, "ಎಂತ, ನಾಳೆ ಯಾವ ಮೀನು?" ಎಂದು ಕೇಳಿ ನಗುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು.

ಕೈ ಮೇಲೆ ಅಂಜಲೂ ಬಂದಾಗ ನಾನು ಡಾಕ್ಟರ್ ಗೆಳೆಯನನ್ನು ವಿಚಾರಿಸಿದೆ. "ಶರೀರ ಸ್ವಲ್ಪ ಒಗ್ಗಿದರೂ ಒಗ್ಗಬಹುದು. ಆದರೆ ಅದು ಹಸಿ ಗಾಯ ಅಲ್ವಾ? ಸೋಂಕು ಆದರೆ ನಿನ್ನ ಅತ್ತೆಗೂ ಅಪಾಯ" ಎಂದ.

ಮಾವನಿಗೆ ಅದನ್ನು ಹೇಳಿದೆ. ಮುಖ ಸಣ್ಣದಾಯಿತು. ಮತ್ತೆ ಹಚ್ಚೆ ಹಾಕಿಸಲಿಲ್ಲ. ಗಾಯ ಪೂರ್ತಿ ಮಾಸಿದ ಮೇಲೂ, ಶೀತ ಇಲ್ಲದಿದ್ದರೂ, ಒಳಗೆ ಹೋಗಲು ಹೆದರಿದರು. ಊಟ, ನಿದ್ದೆ, ಮಾತು ಎಲ್ಲ ಕಿಟಕಿಯ ಆಚೆಯಿಂದಲೇ.

ಒಂದು ಮಧ್ಯಾಹ್ನ ನಾನು ಹೋದಾಗ ಅತ್ತೆ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಮಾವ ಗಡಬಡಿಸಿ ಎದ್ದು ಅಂಗಳಕ್ಕೆ ಇಳಿದರು.

"ದೂರ ಹೋಗಬೇಡಿ. ಒಳಗೆ ಬನ್ನಿ."

"ಬೇಡ ಮಾರಾಯ್ತಿ, ನನ್ನಿಂದ ನಿನಗೆ ಏನಾದರೂ ಅಂಟಿದರೆ?"

"ಡಾಕ್ಟರು ಔಷಧಿ ನಿಲ್ಲಿಸಿದ್ದಾರೆ. ಇನ್ನು ಉಪಯೋಗ ಇಲ್ಲವಂತೆ" ಎಂದರು ಅತ್ತೆ. "ಇನ್ನು ನಿಮ್ಮ ಶೀತಕ್ಕೆ ನಾನು ಯಾಕೆ ಹೆದರಬೇಕು?"

ಮಾವ ನಳ್ಳಿಯ ಹತ್ತಿರ ಹೋಗಿ ಸೋಪು ಹಚ್ಚಿ ಮೊಣಕೈವರೆಗೂ ತುಂಬ ಹೊತ್ತು ಕೈ ತೊಳೆದರು. ಆಮೇಲೆ ಒಳಗೆ ಹೋದರು.