ಹೆಬ್ಬೆಟ್ಟು ಹಾರಿದ್ರ ಸಾಕಿತ್ತು

ತಲಿಗೆ ಚುಂಬಕ ಹಿಡಿಯೋ ಮಷೀನ್ ನಡಸ್ತಿದ್ದ ನನ್ನ ಹತ್ರ ನಗಿ ತಾನಾಗೇ ಬಂದು ಕುಂದರತಿತ್ತು, ನಾನೇನ ಕರೀತಿರಲಿಲ್ಲ. ಗಜೇಂದ್ರಗಡ ಬಸ್‌ಸ್ಟ್ಯಾಂಡಿನ ಹಿಂದ ನಾ ಕೆಲಸಕ್ಕಿದ್ದ ಸಣ್ಣ ದವಾಖಾನಿ ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿ ಆಗೇತಿ. ಆ ಕಡೆ ಹಾದಾಗೊಮ್ಮೆ ಅಲ್ಲಿಗೆ ಬರ್ತಿದ್ದ ನೇಕಾರ ಗಂಡ-ಹೆಂಡತಿ ನೆನಪಾಗ್ತಾರ, ಎದಿ ತುಂಬತೈತಿ.

೧. ಚುಂಬಕ

ಲಕ್ವಾ ಹೊಡದು ಆ ನೇಕಾರ ಅವ್ವನ ಬಲಗೈ ಬಿದ್ದಿತ್ತು. ಮಗ್ಗದಾಗ ಲಾಳಿ ಓಡಸಾಕ ಹಗ್ಗ ಎಳಿಯೋ ಕೈ ಅದು.

"ಸೀರಿ ನೇಯಾಕ ಬಂದ್ರ ಸಾಕ್ರಿ, ಬ್ಯಾರೇ ಏನೂ ಬ್ಯಾಡ" ಅಂದ್ಲು.

"ಹೆದರಬ್ಯಾಡ್ರಿ ಅವ್ವಾರ. ತಲಿಗೆ ಬರೇ ಚುಂಬಕ ಹಿಡಿತೀವಿ. ಮಿದುಳಿನಿಂದ ಕೈಗೆ ದಾರಿ ಉಳದಿದ್ರ ಹೆಬ್ಬೆಟ್ಟು ಹಾರತೈತಿ" ಅಂದೆ.

ಆಕಿ ಗಂಡಗ ಕಿವಿ ಸ್ವಲ್ಪ ಮಂದ. ಗಡಬಡಿಸಿ ಎದ್ದು ನಿಂತ.

"ಚುಂಬನಾನ? ಕೊಡೋದಿದ್ರ ನಾನ ಕೊಡತೇನಲ್ರಿ, ನಿಮಗ್ಯಾಕ ತ್ರಾಸು."

೨. ರಾಸಾಯನಿಕ

ಮಷೀನ್ ಟಕ್ ಟಕ್ ಅಂತು. ಆ ಸಪ್ಪಳಕ್ಕ ಅವ್ವನ ಕಾಲು ಮಗ್ಗ ತುಳದಂಗ ಆಡಾಕತ್ವು, ಹೆಬ್ಬೆಟ್ಟು ಮಾತ್ರ ಮಿಸುಕಲಿಲ್ಲ. ಆಕಿ ಮಾರಿ ಸಣ್ಣದಾತು. ನನಗೂ ಭಾಳ ಕೆಟ್ಟನಿಸ್ತು.

ಡಾಕ್ಟರು ಗಂಡನ ಕಡೆ ತಿರುಗಿ, "ಬರೋಮುಂದ ಏನರ ಗುಳಗಿ ಕೊಟ್ರೇನು?" ಅಂತ ಕೇಳಿದ್ರು.

"ಆಕಿ ಅಂಜತಾಳಂತ ನನ್ನ ನಿದ್ದಿ ಗುಳಗಿ ಚಾದಾಗ ಹಾಕಿದ್ನಿರಿ."

ಡಾಕ್ಟರಿಗೆ ಸಿಟ್ಟು ಬಂತು. "ಒಬ್ಬರ ಗುಳಗಿ ಇನ್ನೊಬ್ಬರಿಗೆ ಕೊಡಬಾರದ್ರಿ. ಮಿದುಳಿನ್ಯಾಗಿನ ರಾಸಾಯನಿಕ ಏರುಪೇರಾದ್ರ ಅದು ಚುಂಬಕಕ್ಕ ಕೊಡೋ ಉತ್ತರಾನೂ ಬದಲಾಗತೈತಿ."

"ರಾಸಾಯನಿಕಾನ? ನೂಲಿಗೆ ರಾಸಾಯನಿಕದ ಬಣ್ಣ ಹಾಕೋನು ನಾನು, ಅದು ಆಕಿ ತಲಿಗೆ ಹ್ಯಾಂಗ ಏರ್ತರಿ?"

ಅವ್ವ ಗಂಡನ್ನ ದುರುಗುಟ್ಟಿ ನೋಡಿದ್ಲು. "ಕೈಯೊಂದು ಬರ್ಲಿ, ನಿಮಗ ಐತಿ."

೩. ಚೂಟು

ಮುಂದಿನ ವಾರ ಅವ್ವ ಚಾ ತಾನೇ ನೋಡಿಕೋತ ಮಾಡಿಸ್ಕೊಂಡು ಕುಡದು ಬಂದ್ಲು. ಟಕ್ ಅಂದಕೂಡ್ಲೇ ಹೆಬ್ಬೆಟ್ಟು ಹಾರ್ತು.

"ನಾ ಅಲ್ಲರಿ ಅಲುಗಿಸಿದ್ದು" ಅಂತ ಗಾಬರಿಯಾದ್ಲು.

"ದಾರಿ ಐತ್ರಿ ಅವ್ವಾರ, ಇನ್ನ ನೀವು ದುಡೀಬೇಕು" ಅಂದ್ರು ಡಾಕ್ಟರು.

ದುಡದ್ಲು ಪುಣ್ಯಾತಗಿತ್ತಿ. ಚುಂಬಕಾನೂ ಆತು, ವ್ಯಾಯಾಮಾನೂ ಆತು. ಕೈ ಮ್ಯಾಲ ಏಳತಿತ್ತು, ಬೆರಳಿಗೆ ಮಾತ್ರ ಹಿಡಿತ ಬರವಲ್ದು. ಒಂದಿನ ಇಬ್ರೂ ಹೊರಗ ಬೆಂಚಿನ ಮ್ಯಾಲ ಪಾಳಿ ಕಾಯಾಕತ್ತಿದ್ರು. ಒಮ್ಮಿಗೇ ಗಂಡ ಚಿಟ್ಟನ ಚೀರಿದ. ಓಡಿ ಹೋಗಿ ನೋಡಿದ್ರ ಅವ್ವ ಬಲಗೈಲೆ ಅವನ ತೋಳು ಹಿಡದು ಚೂಟಿದ್ಲು.

"ಚಾದಾಗ ಗುಳಗಿ ಹಾಕ್ತೀರಿ?"

ಅವನ ಕಣ್ಣಾಗ ದಳದಳ ನೀರು. ಅದು ನೋವಿಗೆ ಬಂದಿದ್ದಲ್ಲ ಅನ್ನೋದು ನನಗ ಆಮ್ಯಾಲ ತಿಳೀತು. ಯಾಕಂದ್ರ ಅವ ಇನ್ನೊಂದು ತೋಳಿನ ಅಂಗಿ ಏರಿಸಿ ಆಕಿ ಮುಂದ ಚಾಚಿದ.

"ಇನ್ನೊಮ್ಮಿ ಚೂಟ, ಡಾಕ್ಟರು ನೋಡ್ಲಿ."