ಸಂತ್ರಸ್ತರು ಹೇಳಿದ ಹಾಗೆ

ಪೆರೋಲ್ ಅಧಿಕಾರಿ ಅಂದು ಬೆಳಿಗ್ಗೆ ಮಾಡಿದ ತಪ್ಪು ಒಂದೇ. ಮಾವನವರ ಸ್ಕೂಟರನ್ನು ಕೇಳದೆ ಹತ್ತಿಕೊಂಡು ಹೋದ. ಕೇಳೋಣವೆಂದರೆ ಮಾವ ಸ್ನಾನಕ್ಕೆ ಹೋಗಿದ್ದರು. ಅವರು ಒಳಗೆ ಹೊಕ್ಕು ಹೊರಬರುವಷ್ಟರಲ್ಲಿ ಹೊರಗೆ ಕಾದವರಿಗೆ ಗಡ್ಡ ಬೆಳೆಯುತ್ತದೆ. ಇವನಿಗೋ ಅವಸರ. ಬೆಳಿಗ್ಗೆಯಿಂದ ತರಬೇತಿ, ಸಂಜೆ ಐದರೊಳಗೆ ಸರ್ಕಾರಿ ಕ್ವಾರ್ಟರ್ಸಿನ ಕೀಲಿಕೈ ಪಡೆಯಬೇಕು. ತಪ್ಪಿದರೆ ಆ ಮನೆ ಬೇರೆಯವರ ಪಾಲು.

ಮನೆ ಅಳಿಯನಾಗಿ ನಾಲ್ಕು ವರ್ಷ ಕಳೆದಿದ್ದ ಪುಣ್ಯಾತ್ಮ. ಫ್ಯಾನ್ ಹಾಕಿದರೆ ಮಾವನ ಕೆಮ್ಮು, ಆರಿಸಿದರೆ ಅತ್ತೆಯ ನಿಟ್ಟುಸಿರು. ಕ್ವಾರ್ಟರ್ಸಿನ ವಿಷಯ ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿಗೆ ಮಾತ್ರ. ಅವಳು ಆಗಲೇ ಮಂಚದ ಕೆಳಗೆ ಗಂಟುಮೂಟೆ ಕಟ್ಟಿಟ್ಟಿದ್ದಳು.

ಪೆರೋಲ್ ಇಲಾಖೆಯೂ ಸಂತ್ರಸ್ತರ ನೆರವು ಕೇಂದ್ರವೂ ಸೇರಿ ನಡೆಸಿದ ಮೊದಲ ತರಬೇತಿ ಅದು. ಅಲ್ಲಿಯವರೆಗೆ ಆ ಎರಡು ಕಚೇರಿಗಳದು ಎಣ್ಣೆ ಸೀಗೆಕಾಯಿ ಸಂಬಂಧ. ಕೇಂದ್ರದ ಮೇಡಂ ಮೈಕು ಹಿಡಿದರು.

"ಜೈಲಿಂದ ಹೊರಗೆ ಬಂದೋರ ಕಷ್ಟಸುಖ ನೀವು ನೋಡ್ಕೋತೀರಿ. ಕಳ್ಕೊಂಡೋರನ್ನ ಕೇಳೋರು ಯಾರು? ಬಿಡೋವಾಗ ಏನು ಷರತ್ತು ಹಾಕಬೇಕು ಅಂತ ಅವರನ್ನೂ ಕೇಳಿ. ಎದುರುವಾದ ಬೇಡ."

ಬೇಗ ಮುಗಿಯಲೆಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಇವನೇ. ಆದ್ದರಿಂದ ಮಧ್ಯಾಹ್ನದ ಅಣಕು ಅಭ್ಯಾಸದಲ್ಲಿ ಸಂತ್ರಸ್ತನ ಪಾತ್ರವೂ ಇವನ ತಲೆಗೇ ಬಂತು.

ಚಹಾ ಬಿಡುವಿನಲ್ಲಿ ಹೊರಗೆ ಬಂದು ನೋಡುತ್ತಾನೆ, ಸ್ಕೂಟರ್ ಇಲ್ಲ. ಒಳಗೆ ಓಡಿದ.

"ಮೇಡಂ, ನನ್ನ ಗಾಡಿ ಕಳುವಾಗಿದೆ."

"ನೋಡಿ, ಅಭ್ಯಾಸ ಅಂದ್ರೆ ಹೀಗಿರಬೇಕು. ಧ್ವನಿ ಹೇಗೆ ನಡುಗ್ತಿದೆ," ಎಂದು ಮೇಡಂ ಮೆಚ್ಚಿಕೊಂಡರು.

"ಅಭ್ಯಾಸ ಅಲ್ಲ ಮೇಡಂ. ನಿಜ."

"ನಾವು ನಿಮ್ಮನ್ನ ನಂಬ್ತೀವಿ. ಅದೇ ಮೊದಲನೇ ಪಾಠ."

ಒಬ್ಬರು ಶಾಲು ಹೊದಿಸಿದರು, ಇನ್ನೊಬ್ಬರು ನೀರು ಕುಡಿಸಿದರು, ಮೂರನೆಯವರು ಬೆನ್ನು ಸವರಿ "ತಪ್ಪು ನಿಮ್ಮದಲ್ಲ" ಎಂದರು. ಪೊಲೀಸರಿಗೆ ಫೋನ್ ಮಾಡಲು ಮಾತ್ರ ಒಬ್ಬರಿಗೂ ತೋಚಲಿಲ್ಲ.

ಆಗ ಅವನ ಕಣ್ಣು ಬೀಗದಣ್ಣನ ಮೇಲೆ ಬಿತ್ತು. ಬೀಗ ಒಡೆಯುವುದರಲ್ಲಿ ಹೆಸರು ಮಾಡಿ, ಈಗ ಇವನ ಉಸ್ತುವಾರಿಯಲ್ಲೇ ಪೆರೋಲಿನ ಮೇಲಿದ್ದವನು. ತಾನು ಸುಧಾರಿಸಿದ ಕತೆ ಹೇಳಲು ಬಂದಿದ್ದ.

"ನೀನೇನಾದ್ರೂ...?"

"ಸರ್, ನಂದು ಮನೆ ಬೀಗ. ಗಾಡಿಗೆ ಕೈ ಹಾಕಿದ್ರೆ ನಮ್ಮ ಕಸುಬಿನೋರೇ ನಗ್ತಾರೆ," ಎಂದ ಬೀಗದಣ್ಣನಿಗೆ ನಿಜಕ್ಕೂ ನೋವಾಗಿತ್ತು. ಆದರೂ ಪೊಲೀಸರಿಗೆ ಫೋನ್ ಮಾಡಿದವನು ಅವನೇ. ಗಾಡಿಯ ನಂಬರ್ ಅವನಿಗೆ ಬಾಯಿಪಾಠವಾಗಿತ್ತು. ಹೇಗೆ ಎಂದು ಯಾರೂ ಕೇಳಲಿಲ್ಲ.

ಸ್ವಲ್ಪ ಹೊತ್ತಿಗೇ ಪೇದೆ ಬಂದ. "ಕಳ್ಳ ಸಿಕ್ಕಿದ್ದಾನೆ ಸರ್. ವಯಸ್ಸಾಗಿದೆ, ಆದ್ರೆ ಏನು ಬಾಯಿ. ಗಾಡಿ ನಂದೇ ಅಂತಾನೆ."

"ಬಿಡಬೇಡಿ ಅವನನ್ನ," ಎಂದು ಅಧಿಕಾರಿ ತನ್ನ ಕೆಲಸವನ್ನೇ ಮರೆತು ಕೂಗಿದ. "ಇಂಥೋರಿಗೆ ಪೆರೋಲೂ ಕೊಡಬಾರದು."

ಪೇದೆಯ ಹಿಂದಿನಿಂದ ಮಾವನವರು ಮುಂದೆ ಬಂದರು.

ಗಾಡಿ ಕಾಣದೆ ಹುಡುಕುತ್ತ ಬಂದ ಮಾವ, ಇನ್ನೊಂದು ಕೀಲಿಯಿಂದ ತಮ್ಮ ಗಾಡಿಯನ್ನು ತಾವೇ ತೆಗೆದುಕೊಂಡು ಹೊರಟಿದ್ದರು.

"ನನಗೊಂದು ಮಾತು ಹೇಳಬಾರದಿತ್ತಾ ಮಾವ?"

"ಕೇಳದೆ ತಗೊಂಡು ಹೋದೋರನ್ನ ಕೇಳಿ ತಗೋಬೇಕಾ ಅಳಿಯಂದಿರೇ? ನಡುರಸ್ತೇಲಿ ನನ್ನನ್ನ ಕಳ್ಳ ಮಾಡಿದ್ರಿ."

ಮೇಡಂ ಅಳಿಯನ ಮೈಮೇಲಿನ ಶಾಲು ತೆಗೆದು ಮಾವನಿಗೆ ಹೊದಿಸಿದರು. "ಕ್ಷಮಿಸಿ, ಸಂತ್ರಸ್ತರು ಇವರು." ನೀರಿನ ಲೋಟವೂ ಅತ್ತ ಹೋಯಿತು. ಯಾರೋ ಮಾವನ ಬೆನ್ನು ಸವರಿ "ತಪ್ಪು ನಿಮ್ಮದಲ್ಲ" ಎಂದರು.

"ನಾಲ್ಕು ವರ್ಷದಿಂದ ನಾನೂ ಅದನ್ನೇ ಹೇಳ್ತಿದೀನಿ," ಎಂದರು ಮಾವ.

ಪೆರೋಲ್ ಇಲಾಖೆಯ ದೊಡ್ಡ ಸಾಹೇಬರು ಅಳಿಯನ ಕಿವಿಯಲ್ಲಿ ಪಿಸುಗುಟ್ಟಿದರು. "ಅವರು ದೂರು ಕೊಟ್ರೆ ನಿನ್ನ ಕೆಲಸಕ್ಕೆ ಸಂಚಕಾರ. ಏನು ಹೇಳಿದ್ರೂ ಒಪ್ಕೊಂಡು ಸಹಿ ಹಾಕು."

"ಯಜಮಾನ್ರೇ," ಎಂದರು ಮೇಡಂ, "ಇವರನ್ನ ದೂರಿಲ್ಲದೆ ಬಿಡಬೇಕಾದ್ರೆ ನಿಮ್ಮ ಷರತ್ತೇನು?"

ಜನ್ಮದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಮಾವ ಕಣ್ಣು ಮುಚ್ಚಿ ಯೋಚಿಸಿದರು. "ಟೀವಿ ರಿಮೋಟ್ ಮುಟ್ಟಬಾರದು. ಫ್ಯಾನು ಎರಡರ ಮೇಲೆ ಹೋಗಬಾರದು. ನಾನು ಮಾತಾಡುವಾಗ ಆಕಳಿಸಬಾರದು." ಮೇಡಂ ಒಂದೊಂದನ್ನೂ ಬರೆದುಕೊಂಡರು.

ಅಳಿಯನಿಗೆ ಹೋದ ಜೀವ ಬಂದಂತಾಯಿತು. ಐದಕ್ಕೆ ಇನ್ನೂ ಸಮಯವಿತ್ತು. ಕ್ವಾರ್ಟರ್ಸಿಗೆ ಹೋದ ಮೇಲೆ ಯಾರ ರಿಮೋಟು, ಯಾರ ಫ್ಯಾನು? ನಗು ನುಂಗಿಕೊಂಡು ಪೆನ್ನು ತೆಗೆದ.

"ತಡೀರಿ ಯಜಮಾನ್ರೇ," ಎಂದ ಬೀಗದಣ್ಣ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಿಳಿದವನು ಸಹಾಯ ಮಾಡಬೇಕಲ್ಲ. "ಮುಖ್ಯವಾದ್ದೇ ಬಿಟ್ರಿ. ಈ ಸರ್ರೇ ನಮಗೆ ಮೊದಲು ಹಾಕೋ ಷರತ್ತು ಅದು. ಅನುಮತಿ ಇಲ್ಲದೆ ವಾಸದ ಮನೆ ಬದಲಾಯಿಸೋ ಹಾಗಿಲ್ಲ."

"ಹೌದಾ? ಹಾಗಾದ್ರೆ ಅದನ್ನೂ ಬರ್ಕೊಳ್ಳಿ," ಎಂದರು ಮಾವ.

ಪೆನ್ನು ಅಳಿಯನ ಕೈಯಿಂದ ಜಾರಿತು. ಬೀಗದಣ್ಣ ಎತ್ತಿಕೊಟ್ಟ. ಅಳಿಯ ಸಹಿ ಹಾಕಿದ. ಎರಡು ಕಚೇರಿಯವರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಮಾವ ಸ್ಕೂಟರ್ ಶುರುಮಾಡಿದರು. ಅಳಿಯ ಕೊನೆಯ ಆಸೆಯಿಂದ ಬಾಯಿಬಿಟ್ಟ. "ಮಾವ, ನಾವು ಬೇರೆ ಮನೆಗೆ ಹೋದ್ರೆ ನಿಮಗೇ ಅಲ್ವಾ ನೆಮ್ಮದಿ? ಅನುಮತಿ ಕೊಟ್ಬಿಡಿ."

"ನೆಮ್ಮದಿ ಇಟ್ಕೊಂಡು ಏನು ಮಾಡಲಿ? ಬೈಯೋಕೆ ಮನೇಲಿ ಒಬ್ಬರು ಬೇಡ್ವಾ ಅಳಿಯಂದಿರೇ?" ಎಂದು ಮಾವ ಹಿಂದಿನ ಸೀಟಿನ ಧೂಳು ಕೊಡವಿದರು. "ಹತ್ತಿ. ಗಟ್ಟಿಯಾಗಿ ಹಿಡ್ಕೊಳ್ಳಿ."