ಯೂ ಮರದ ಕೆಳಗಿನ ಜಾಗ

ಬನ್ನಿ, ಒದ್ದೆ ಕೋಟು ಬಾಗಿಲ ಹಿಂದೆ ನೇತುಹಾಕಿ, ಒಲೆ ಹತ್ತಿರ ಕೂತ್ಕೊಳ್ಳಿ. ನಾಯಿನ ಸ್ವಲ್ಪ ಆಚೆ ಸರಿಸಿ, ಅದೇನೂ ಅನ್ನೋದಿಲ್ಲ. ಕೆಟಲ್ ಇಟ್ಟಿದ್ದೀನಿ. ಅದು ಕೂಗೋದ್ರೊಳಗೆ ಹೆಸ್ಟರ್ ಲಕಮ್ ಕಥೆ ಹೇಳ್ತೀನಿ, ಮಧ್ಯೆ ಬಾಯಿ ಹಾಕಬೇಡಿ.

ಲಿಟಲ್ ಆಸ್ಕಂಬ್ ಅಂತ ಒಂದು ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರು. ಅದರ ಚರ್ಚ್ ಅಂಗಳದಲ್ಲಿ, ಹೂಳುವುದಕ್ಕೆ ಒಂದೇ ಒಂದು ಜಾಗ ಉಳಿದಿತ್ತು. ಉತ್ತರಕ್ಕೆ, ಯೂ ಮರದ ಕೆಳಗೆ. ಅದರ ಬಲಗಡೆ ಹೆಸ್ಟರಳ ಗಂಡ ವಿಲ್ಫ್ ನಾಲ್ಕು ವರ್ಷದಿಂದ ಮಲಗಿದ್ದ. ನಲವತ್ತಾರು ವರ್ಷ ಅವನ ಎಡಕ್ಕೇ ಮಲಗಿದ ಹೆಂಗಸು ಅವಳು. ಕೊನೆಗೂ ಅಲ್ಲೇ ಮಲಗಬೇಕು, ಅಷ್ಟೇ ಅವಳ ಆಸೆ. ಬೇರೆ ಯಾವ ಆಸೆಯೂ ಇರಲಿಲ್ಲ, ಮಂಡಿನೋವು ಹೋಗಲಿ ಅನ್ನೋದೊಂದು ಬಿಟ್ಟರೆ.

ಅಷ್ಟರಲ್ಲಿ ಚರ್ಚಿನ ಬಾಗಿಲಿಗೆ ಒಂದು ಕಾಗದ ಅಂಟಿತು.

"ಪ್ರಕಟಣೆ. ಯೂ ಮರದ ಕೆಳಗಿನ ಏಕೈಕ ಖಾಲಿ ಜಾಗಕ್ಕೆ ಅರ್ಜಿಗಳನ್ನು ಆಹ್ವಾನಿಸಲಾಗಿದೆ. ಅರ್ಜಿದಾರರು ತಮ್ಮ ವಂಶವು ಈ ಪ್ಯಾರಿಷ್ಷಿನಲ್ಲಿ ಎಂದಿನಿಂದ ಇದೆ ಎಂಬುದನ್ನು ತಲೆಮಾರು ತಪ್ಪದಂತೆ, ದಾಖಲೆ ಸಮೇತ ಸಾಬೀತುಪಡಿಸತಕ್ಕದ್ದು. ಅತಿ ಹಳೆಯ ವಂಶಕ್ಕೆ ಆದ್ಯತೆ. ಅರ್ಜಿ ಸಲ್ಲಿಸುವ ದಿನ ಅರ್ಜಿದಾರರು ಜೀವಂತವಾಗಿರತಕ್ಕದ್ದು."

ಸಹಿ, ಚರ್ಚಿನ ಆಡಳಿತ ನೋಡಿಕೊಳ್ಳುವ ವಾರ್ಡನ್ ಆಂಬ್ರೋಸ್ ಪೆನ್ನಿಫೆದರ್. ಅರ್ಜಿ ಕರೆದವರೂ ಅವರೇ, ಮೊದಲ ಅರ್ಜಿ ಹಾಕಿದವರೂ ಅವರೇ, ಅದನ್ನು ಪರಿಶೀಲಿಸಿ "ಅತ್ಯುತ್ತಮ" ಎಂದು ಷರಾ ಬರೆದವರೂ ಅವರೇ. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ, ಯಾಕೆಂದರೆ ಆ ಕೆಲಸಕ್ಕೆ ಬೇರೆ ಯಾರೂ ಮುಂದೆ ಬಂದಿರಲಿಲ್ಲ. ಅವರ ವಂಶ ಒಂದು ಸಾವಿರದ ಆರುನೂರ ಎಂಬತ್ತೆಂಟರಿಂದ ಇಲ್ಲೇ ಇತ್ತು.

ಹೆಸ್ಟರ್ ಸುಮ್ಮನಿರಲಿಲ್ಲ. ಬುಧವಾರ ಮಾತ್ರ ಬರುವ ಬಸ್ಸು ಹತ್ತಿ, ಡಬ್ಬಿಯಲ್ಲಿ ಚೀಸ್ ಸ್ಯಾಂಡ್‌ವಿಚ್ ಕಟ್ಟಿಕೊಂಡು ಪೇಟೆಯ ದಾಖಲೆ ಕಚೇರಿಗೆ ಹೋದಳು. ಹನ್ನೊಂದು ಬುಧವಾರ ಹೋದಳು. ಇಲಿ ಕಾಲಿನ ಹಾಗೆ ಗೀಚಿದ ಹಳೇ ಅಕ್ಷರದಲ್ಲಿ ತನ್ನ ತೌರುಮನೆಯ ಬಗ್ಲರ್ ವಂಶದವರನ್ನು ಒಬ್ಬೊಬ್ಬರನ್ನೇ ಹಿಡಿದು ಹೊರಗೆಳೆದಳು. ಕೊನೆಗೆ ಸಿಕ್ಕವನು ಜಾಬ್ ಬಗ್ಲರ್. ಪ್ರಾರ್ಥನೆಯ ಹೊತ್ತಿಗೆ ಚರ್ಚಿನೊಳಗೆ ಹಂದಿ ಬಿಟ್ಟದ್ದಕ್ಕೆ ಪಾದ್ರಿಯಿಂದ ಬೈಸಿಕೊಂಡವನು. ಇಸವಿ ಸಾವಿರದ ಆರುನೂರ ನಾಲ್ಕು.

"ಎಂಬತ್ನಾಲ್ಕು ವರ್ಷ ನಿಮಗಿಂತ ಹಿಂದೆ, ಪೆನ್ನಿಫೆದರ್ ಸಾಹೇಬ್ರೇ," ಅಂದಳು ಹೆಸ್ಟರ್, ಕಾಗದದ ಕಂತೆಯನ್ನು ಮೇಜಿನ ಮೇಲೆ ಇಟ್ಟು.

"ಹಂದಿಯಿಂದ ಬಂದ ಮರ್ಯಾದೆ," ಅಂದರು ಪೆನ್ನಿಫೆದರ್.

"ಬಂದಿದೆಯಲ್ಲ, ಅದು ಮುಖ್ಯ."

ಅವರು ಕನ್ನಡಕ ಏರಿಸಿ ಕಂತೆ ಮಗುಚಿದರು. "ಒಂದು ತಲೆಮಾರು ತಪ್ಪಿದೆಯಲ್ಲಮ್ಮ."

"ಯಾರದು?"

"ನಿಮ್ಮದೇ. ನಿಮ್ಮ ನಾಮಕರಣದ ದಾಖಲೆ ಎಲ್ಲಿ?"

ನಾಮಕರಣದ ಪುಸ್ತಕದಲ್ಲಿ ಹೆಸ್ಟರ್ ಇರಲಿಲ್ಲ. ಪೆನ್ನಿಫೆದರ್ ಕರ್ತವ್ಯನಿಷ್ಠರು, ಚರ್ಚಿನ ಪೆಟ್ಟಿಗೆ ತೆರೆದು ಪಕ್ಕದ ಪುಸ್ತಕವನ್ನೂ ತೆಗೆದರು. ಅದು ಹೂಳಿದವರ ಪುಸ್ತಕ. ಅದರಲ್ಲಿ ಇದ್ದಳು. "ಹೆಸ್ಟರ್ ಬಗ್ಲರ್, ಮೂರು ವಾರದ ಮಗು, ಫೆಬ್ರವರಿ 1931."

ನಡೆದದ್ದಿಷ್ಟು. ಆಗಿನ ಪಾದ್ರಿ ಕ್ರ್ಯಾಬ್‌ಟ್ರೀ ಅವರಿಗೆ ಕಣ್ಣು ಮಂಜು. ಎರಡು ಪುಸ್ತಕವೂ ಒಂದೇ ಗಾತ್ರ, ಒಂದೇ ಕಂದು ರಟ್ಟು. ನೀರು ಚಿಮುಕಿಸಿ ಹೆಸರಿಟ್ಟ ಮಗುವನ್ನು ಅವರು ಭಕ್ತಿಯಿಂದ ಹೂಳಿದವರ ಪುಸ್ತಕಕ್ಕೆ ಏರಿಸಿಬಿಟ್ಟಿದ್ದರು.

"ಅಯ್ಯೋ, ತಿದ್ದಿಬಿಡಿ ಮಾರಾಯ್ರೆ," ಅಂದಳು ಹೆಸ್ಟರ್.

"ತಿದ್ದಬಹುದು. ಆದ್ರೆ ಬರೆದವರೇ ಬಂದು, ತಮ್ಮ ಕೈಯಾರೆ ತಿದ್ದಬೇಕು. ನಿಯಮ."

"ಕ್ರ್ಯಾಬ್‌ಟ್ರೀ ಅವರು ಹೋಗಿ ಅರವತ್ತು ವರ್ಷ ಆಯ್ತು! ಅಲ್ಲೇ ಗೋಡೆ ಪಕ್ಕ ಮಲಗಿದ್ದಾರೆ."

"ದೂರ ಏನಿಲ್ಲವಲ್ಲ. ಮಂಗಳವಾರ, ಗುರುವಾರ ಹತ್ತರಿಂದ ಹನ್ನೆರಡರವರೆಗೆ ನಾನಿಲ್ಲೇ ಇರ್ತೀನಿ."

ಹೆಸ್ಟರಳ ಅರ್ಜಿ ತಿರಸ್ಕೃತವಾಯಿತು. ಕಾರಣ ಎರಡು: ಅರ್ಜಿದಾರರು ಅರ್ಜಿಯ ದಿನ ಜೀವಂತವಾಗಿರಲಿಲ್ಲ, ಒಬ್ಬರನ್ನು ಎರಡು ಸಲ ಹೂಳುವಂತಿಲ್ಲ. ತಿರಸ್ಕಾರದ ಪತ್ರ ಅವಳ ಮನೆ ವಿಳಾಸಕ್ಕೇ ಬಂತು, "ದಿವಂಗತ ಶ್ರೀಮತಿ ಲಕಮ್" ಅಂತ. ಅಂಚೆಯವನು ಸಂತಾಪ ಹೇಳಿ, ಸಹಿ ಹಾಕಿಸಿಕೊಂಡು ಹೋದ.

ಅವತ್ತು ಹೆಸ್ಟರ್ ವಿಲ್ಫ್‌ನ ಕಲ್ಲಿನ ಪಕ್ಕ ಕೂತು ಅತ್ತಳು. "ನಿನ್ನ ಪಕ್ಕ ಆ ಗೊರಕೆ ಪೆನ್ನಿಫೆದರ್ ಬರ್ತಾನಂತೆ ಕಣೋ. ನಾನೇನು ಮಾಡ್ಲಿ?" ವಿಲ್ಫ್ ಬದುಕಿದ್ದಾಗಲೂ ಇಂಥ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಹೆಸ್ಟರ್ ಮೂಗು ಒರೆಸಿಕೊಂಡು, ನನ್ನನ್ನು ಹೂಳಿದ ಪುಟ ನಾನೇ ಒಂದು ಸಲ ಓದ್ತೀನಿ ಅಂತ ಎದ್ದಳು.

ಓದಿದಳು. ಕೊನೆಯ ಅಂಕಣದ ಮೇಲೆ "ಸ್ಥಳ" ಅಂತಿತ್ತು. ಹೆಸ್ಟರ್ ಹುಟ್ಟಿದ ಫೆಬ್ರವರಿಯಲ್ಲಿ ಚರ್ಚಿನ ಚಾವಣಿ ಬಿಚ್ಚಿದ್ದರು, ನಾಮಕರಣ ಹೊರಗೆ ನಡೆದಿತ್ತು. ಸತ್ಯವಂತರಾದ ಕ್ರ್ಯಾಬ್‌ಟ್ರೀ ಹಾಗೇ ಬರೆದಿದ್ದರು: "ಉತ್ತರಕ್ಕೆ, ಯೂ ಮರದ ಕೆಳಗೆ."

ಭಾನುವಾರದ ಸಭೆಗೆ ಈಗಿನ ಪಾದ್ರಿ, ವಿಕಾರ್ ಪ್ರೂಡೆನ್ಸಮ್ಮ ಬಂದಿದ್ದರು. ಆರು ಪ್ಯಾರಿಷ್ಷಿಗೆ ಒಬ್ಬರೇ ವಿಕಾರ್, ಕಾರಿನ ಕೀಲಿ ಸದಾ ಕೈಯಲ್ಲೇ.

"ಆ ಜಾಗ ಖಾಲಿ ಇಲ್ಲ," ಅಂದಳು ಹೆಸ್ಟರ್, ಪುಟಕ್ಕೆ ಬೆರಳಿಟ್ಟು. "ಎಪ್ಪತ್ಮೂರು ವರ್ಷದಿಂದ ನಾನಲ್ಲಿದ್ದೀನಿ."

ಪೆನ್ನಿಫೆದರ್ ಮುಖ ಬೀಟ್‌ರೂಟಾಯಿತು. "ಇದು ಬರಹದ ತಪ್ಪು! ಎಲ್ರಿಗೂ ಗೊತ್ತು!"

"ಹಾಗಾದ್ರೆ ತಿದ್ದಿಸಿ," ಅಂದಳು ಹೆಸ್ಟರ್. "ಮಂಗಳವಾರ, ಗುರುವಾರ ಹತ್ತರಿಂದ ಹನ್ನೆರಡು."

ಸಭೆ ಗಂಭೀರವಾಗಿ ತಲೆಯಾಡಿಸಿತು. ಪೆನ್ನಿಫೆದರ್ ನಿಯಮಾವಳಿ ತಿರುವಿದರು. ಒಬ್ಬರ ಗೋರಿಯಲ್ಲಿ ಇನ್ನೊಬ್ಬರನ್ನು ಇಡಲು ಮೃತರ ಅತಿ ಹತ್ತಿರದ ಸಂಬಂಧಿಯ ಲಿಖಿತ ಒಪ್ಪಿಗೆ ಬೇಕಿತ್ತು. ನಮೂನೆ ಹೆಸ್ಟರಳ ಕೈಗೆ ಬಂತು. "ಮೃತರೊಂದಿಗೆ ಸಂಬಂಧ" ಅನ್ನುವಲ್ಲಿ "ಸ್ವತಃ" ಅಂತ ಬರೆದು, ಕೆಳಗೆ "ಒಪ್ಪಿಗೆ ಇಲ್ಲ" ಅಂತ ಸಹಿ ಹಾಕಿದಳು.

"ಆದ್ರೆ ನಾಳೆ ಇವರು ನಿಜವಾಗಿ ಹೋದಾಗ?" ಅಂತ ಪೆನ್ನಿಫೆದರ್ ಕೊನೆಯ ಪಟ್ಟು ಹಾಕಿದರು. "ಎರಡನೇ ಸಲ ಹೂಳೋ ಹಾಗಿಲ್ವಲ್ಲ!"

ಪ್ರೂಡೆನ್ಸಮ್ಮ ಗಡಿಯಾರ ನೋಡಿಕೊಂಡರು. ಮುಂದಿನ ಪ್ಯಾರಿಷ್ಷಿನಲ್ಲಿ ಗಂಟೆ ಬಾರಿಸಲು ಶುರುಮಾಡಿದ್ದರು. "ಅದು ಹೂಳೋದಲ್ಲ. 1931ರಲ್ಲಿ ಬಾಕಿ ಉಳಿದ ಕೆಲಸ. ಮುಂದಿನ ವಿಷಯ?"

ಹೀಗೆ ತೀರ್ಮಾನವಾಯಿತು. ಸತ್ತವಳಾದ್ದರಿಂದ ಹೆಸ್ಟರಳ ಹೆಸರನ್ನು ಪ್ಯಾರಿಷ್ ಮತದಾರರ ಪಟ್ಟಿಯಿಂದ ತೆಗೆದರು. ಭಾನುವಾರದ ಚಹಾ ಸರದಿಯಿಂದ ಮಾತ್ರ ತೆಗೆಯಲಿಲ್ಲ, ಆ ಪಟ್ಟಿಯಲ್ಲಿರುವವರು ಬದುಕಿರಬೇಕೆಂದು ಎಲ್ಲೂ ಬರೆದಿರಲಿಲ್ಲ. ಪ್ರತಿ ನವೆಂಬರಿನಲ್ಲಿ ಅಗಲಿದವರ ಹೆಸರು ಓದುವಾಗ ಅವಳ ಹೆಸರನ್ನೂ ಓದುತ್ತಿದ್ದರು. ಮೂರನೇ ಬೆಂಚಿನಲ್ಲಿ ಕೂತು ಅವಳೂ ಒಂದು ನಿಮಿಷ ತಲೆ ಬಗ್ಗಿಸುತ್ತಿದ್ದಳು.

ಆಮೇಲೆ ಯಾರ್ಯಾರು ಏನಾದರು ಅಂದರೆ, ಪೆನ್ನಿಫೆದರ್ ಅವರಿಗೆ ಪಕ್ಕದ ಪ್ಯಾರಿಷ್ಷಿನಲ್ಲಿ ವಿಶಾಲವಾದ ಜಾಗ ಸಿಕ್ಕಿತು. ಅವರ ಕಲ್ಲಿನ ಮೇಲೆ "ಹೊರಗಿನವರು" ಅಂತ ಸಣ್ಣಕ್ಷರದಲ್ಲಿ ಕೆತ್ತಿದ್ದಾರೆ, ಅಲ್ಲಿನ ನಿಯಮ ಹಾಗೆ. ಪ್ರೂಡೆನ್ಸಮ್ಮನಿಗೆ ಈಗ ಒಂಬತ್ತು ಪ್ಯಾರಿಷ್, ಅವರು ನಿಂತದ್ದನ್ನು ಯಾರೂ ನೋಡಿಲ್ಲ. ಹೆಸ್ಟರ್ ತೊಂಬತ್ತೊಂದರವರೆಗೆ ಗಟ್ಟಿಯಾಗಿದ್ದು, ಒಂದು ಏಪ್ರಿಲ್ ಮಧ್ಯಾಹ್ನ ಕುರ್ಚಿಯಲ್ಲೇ ಕಣ್ಣು ಮುಚ್ಚಿದಳು. ವಿಲ್ಫ್‌ನ ಎಡಕ್ಕೆ ಇಟ್ಟರು. ಪುಸ್ತಕದಲ್ಲಿ ಹೊಸದಾಗಿ ಏನನ್ನೂ ಬರೆಯಲಿಲ್ಲ. ಅಗತ್ಯವಿರಲಿಲ್ಲ.